ಗುರುವಾರದ ರೈಲು

ಪ್ರೀತಿಯ ತಮ್ಮ,

ನಿನ್ನ ಕಥೆ ಎರಡು ಸಲ ಓದಿದೆ. ಬಸ್ಸು ಕೆರೆಗೆ ಬಿದ್ದದ್ದು ಮೊದಲನೇ ಸಾಲಿನಲ್ಲೇ ಗೊತ್ತಾಗಿಬಿಡುತ್ತದೆ. ಆಮೇಲೆ ಹತ್ತು ಪುಟ ಬರೀ ಅಳು. ಬೈತಿಲ್ಲ ಮಾರಾಯ. ನಿನ್ನ ವಯಸ್ಸಿನಲ್ಲಿ ನಾನೂ ಮೊದಲ ಸಾಲಿಗೇ ಒಂದು ಹೆಣ ಉರುಳಿಸುತ್ತಿದ್ದೆ. ವಾಪಸ್ ಬಂದ ಲಕೋಟೆಗಳು ಇನ್ನೂ ಅಟ್ಟದ ಮೇಲಿವೆ.

ಒಂದು ಹಾಡು ಕೇಳು. ತಂಡದ ಹೆಸರು 'ಲಾ ಒರೇಹಾ ದೆ ವಾನ್ ಗೋಗ್'. ಚಿತ್ರಕಾರ ವ್ಯಾನ್ ಗೋನ ಕಿವಿ ಅಂತ! ಸ್ಪೇನಿನ ಬಾಸ್ಕ್ ಸೀಮೆಯ ಸಾನ್ ಸೆಬಾಸ್ಟಿಯನ್‌ನಲ್ಲಿ 1996ರಲ್ಲಿ ಶುರುವಾದ ಪಾಪ್ ತಂಡ. ಹಾಡು 'ಹ್ವೇವೆಸ್', ಅಂದರೆ ಗುರುವಾರ. ನನಗೆ ಸ್ಪ್ಯಾನಿಷ್ ಬರುವುದಿಲ್ಲ, ಅರ್ಥ ಪಕ್ಕದಲ್ಲಿಟ್ಟುಕೊಂಡೇ ಕೇಳಿದ್ದು.

ಒಬ್ಬ ಹುಡುಗಿ ದಿನಾ ರೈಲಿನಲ್ಲಿ ಹೋಗುತ್ತಾಳೆ. ಎದುರು ಸೀಟಿನಲ್ಲಿ ಒಬ್ಬ ಹುಡುಗ. ಅವನಿಗಾಗಿ ಇರುವುದರಲ್ಲೇ ಚೆಂದದ ಲಂಗ ಹಾಕಿಕೊಂಡು ಬರುತ್ತಾಳೆ. ಅವನು ಕಿಟಕಿ ಕಡೆ ತಿರುಗಿ ಆಕಳಿಸುತ್ತಾನೆ. ಮಾತಿಲ್ಲ, ಕತೆಯಿಲ್ಲ. ಒಂದು ದಿನ ಇವಳು ತೊದಲುತ್ತಾ ಅವನ ಹೆಸರು ಹೇಳುತ್ತಾಳೆ. ಆಗ ಅವನೂ ಬಾಯಿ ಬಿಡುತ್ತಾನೆ. ನೇರ ಹೋಗುವ ರೈಲು ಬಿಟ್ಟು, ದಿನಾ ಬೇಕೆಂದೇ ಈ ರೈಲು ಹತ್ತುತ್ತಿದ್ದನಂತೆ. ಕೊನೆಯ ಹೊತ್ತಿಗೆ ಸುಮ್ನೆ ಎಂಬಂತೆ ಒಂದು ತಾರೀಖು ಬರುತ್ತದೆ, ಮಾರ್ಚ್ 11. ಆಮೇಲೆ ಸುರಂಗ, ಕತ್ತಲೆ.

2004ರ ಆ ಗುರುವಾರ ಬೆಳಿಗ್ಗೆ ಮ್ಯಾಡ್ರಿಡ್‌ನ ಲೋಕಲ್ ರೈಲುಗಳಲ್ಲಿ ಬಾಂಬ್ ಸಿಡಿದು 190ಕ್ಕೂ ಹೆಚ್ಚು ಜನ ಸತ್ತರು. ಹಾಡಿನಲ್ಲಿ ಬಾಂಬ್ ಎಂಬ ಮಾತೇ ಇಲ್ಲ. ನನ್ನನ್ನು ಕಾಡಿದ್ದು ಆ ನೇರ ಹೋಗುವ ರೈಲು. ಅದನ್ನು ಹತ್ತಿದ್ದರೆ ಹುಡುಗ ಬದುಕುತ್ತಿದ್ದ, ಅಲ್ವಾ?

ಹಾಡು ಹೊರಬಂದದ್ದು ನಾಲ್ಕು ವರ್ಷದ ನಂತರ, 2008ರ ಆಲ್ಬಮ್‌ನಲ್ಲಿ. ಅಷ್ಟರಲ್ಲಿ ಮೊದಲ ಗಾಯಕಿ ಅಮಾಯಾ ಮೊಂತೇರೊ ತಂಡ ಬಿಟ್ಟಾಗಿತ್ತು. ಹೊಸಬಳು ಲೇಯ್ರೆ ಮಾರ್ಟಿನೆಸ್‌ಗೆ ಈ ಹಾಡು ಸಿಕ್ಕಿತು. 2024ರಲ್ಲಿ ಅವಳೂ ಹೊರಟಳು, ಮರುವರ್ಷ ಅಮಾಯಾ ವಾಪಸ್ ಬರುವ ಸುದ್ದಿ ಬಂತು. ಯಾರ ದನಿ ಜಾಸ್ತಿ ಚೆಂದ ಎಂಬ ಜಗಳ ಅಭಿಮಾನಿಗಳಿಗಿರಲಿ. ಈ ಹಾಡು ಮಾತ್ರ ನನಗೆ ಲೇಯ್ರೆಯದೇ.

ಈಗ ನಿನ್ನ ಏಳನೇ ಪುಟ ತೆಗೆ. ಕಂಡಕ್ಟರ್ ಚಿಲ್ಲರೆ ಇಲ್ಲದೆ ಅಜ್ಜಿಯ ಟಿಕೆಟ್ ಹಿಂದೆ '8' ಎಂದು ಗೀಚಿ, "ಇಳಿಯುವಾಗ ಕೊಡ್ತೀನಿ" ಅನ್ನುತ್ತಾನೆ. ಅಜ್ಜಿ ಆ ಟಿಕೆಟ್ಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾಳೆ. ಅಲ್ಲಿಂದ ಶುರು ಮಾಡು. ಕೆರೆಯ ಸುದ್ದಿ ಎತ್ತಲೇಬೇಡ. ಯುಗಾದಿಗೆ ಮುಂಚೆ ಕಳಿಸು, ಆಮೇಲೆ ನಾನು ಊರಲ್ಲಿರುವುದಿಲ್ಲ.

ಇಂತಿ,
ನಿನ್ನ ಅಣ್ಣ