ಮಠದ ಬಟಾಣಿ, ನಮ್ಮ ತೋಟದ ಮೈಲುತುತ್ತ

ಬ್ರನೋ, ಚೆಕ್ ದೇಶ
ಆಗಸ್ಟ್ 10

ಪ್ರೀತಿಯ ಅಪ್ಪನಿಗೆ,

ನಾನು ಚೆನ್ನಾಗಿದ್ದೇನೆ. ಮೊನ್ನೆ ಫೋನಿನಲ್ಲಿ "ಪೂಜೆಗೆ ಹೋಗ್ತೀಯೋ, ಅದನ್ನೂ ಬಿಟ್ಟೆಯೋ?" ಅಂತ ಕೇಳಿದಿರಿ. ಪಕ್ಕದಲ್ಲಿ ಚಿಕ್ಕಪ್ಪ ಏನೋ ಹೇಳಿಕೊಡುತ್ತಿದ್ದದ್ದು ಕೇಳಿಸಿತು. ಆಗ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಈ ಕಾಗದ.

ಹೋಗುತ್ತೇನೆ ಅಪ್ಪ. ಇಲ್ಲಿಯ ಚರ್ಚಿನಲ್ಲಿ ಪೂಜೆ ಚೆಕ್ ಭಾಷೆಯಲ್ಲಿ, ಅರ್ಧಕ್ಕರ್ಧ ತಲೆಗೆ ಹೋಗೋದಿಲ್ಲ. ಪರಲೋಕ ಮಂತ್ರ ಮಾತ್ರ ಕನ್ನಡದಲ್ಲೇ ಹೇಳಿಕೊಳ್ಳುತ್ತೇನೆ. ಆ ಕೆಂಪು ಇಟ್ಟಿಗೆಯ ಚರ್ಚಿನ ಪಕ್ಕದಲ್ಲೇ ಒಂದು ಮಠ ಇದೆ. ಗ್ರೆಗರ್ ಮೆಂಡೆಲ್ ಬಟಾಣಿ ಬೆಳೆದದ್ದು ಅಲ್ಲೇ. ಅವರು ಪಾದ್ರಿ. 1856ರಿಂದ ಎಂಟು ವರ್ಷ, ಸುಮಾರು 28,000 ಗಿಡ. ಒಂದು ಪ್ರಯೋಗದಲ್ಲಿ 5,474 ಕಾಳು ದುಂಡಗೆ, 1,850 ಸುಕ್ಕು. ಹೆಚ್ಚುಕಡಿಮೆ ಮೂರಕ್ಕೆ ಒಂದು. ಅಮ್ಮ ಜಗಲಿಯಲ್ಲಿ ಅಡಿಕೆ ಆರಿಸಿ ಬೆಟ್ಟೆ ಬೇರೆ, ರಾಶಿ ಬೇರೆ ಮಾಡುತ್ತಾರಲ್ವಾ, ಹಾಗೇ ಕೂತು ಆರಿಸಿರಬೇಕು. ಹೆತ್ತವರ ಗುಣ ಮಕ್ಕಳಿಗೆ ಹೇಗೆ ಇಳಿಯುತ್ತದೆ ಅನ್ನುವ ಲೆಕ್ಕ ಹುಟ್ಟಿದ್ದು ಆ ಕಾಳುಗಳಿಂದ. 1866ರಲ್ಲಿ ಅಚ್ಚಾಯಿತು, ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. 1884ರಲ್ಲಿ ತೀರಿಕೊಂಡರು. ಜನಕ್ಕೆ ಎಚ್ಚರವಾಗಿದ್ದು 1900ರಲ್ಲಿ. (ಮಠದ ಹಿರಿಯರಾದ ಮೇಲೆ ಸರ್ಕಾರದ ಜೊತೆ ತೆರಿಗೆ ಜಗಳವೇ ಜಾಸ್ತಿ ಆಯಿತಂತೆ, ಪಾಪ.)

ಲ್ಯಾಬಿನಲ್ಲಿ ಒಬ್ಬ ನನ್ನ ಕುತ್ತಿಗೆಯ ಶಿಲುಬೆ ನೋಡಿ, "ಲೋಕ ಆರು ದಿನದಲ್ಲಿ ಆಯಿತು ಅಂತ ನೀನೂ ನಂಬ್ತೀಯಾ?" ಅಂತ ನಕ್ಕ. ಬೇಜಾರಾಯಿತು. ಬೈಬಲಿನ ಆದಿಕಾಂಡ ಓದುವಾಗ ನಾನು ದಿನ ಎಣಿಸುವುದಿಲ್ಲ ಅಂದೆ. ಚಿಕ್ಕಪ್ಪನದು ಇದರ ತಿರುಗುಮುರುಗು. ವಿಜ್ಞಾನವೇ ದೇವರನ್ನು ಸಾಬೀತು ಮಾಡಿದೆ ಅಂತ ದಿನಾ ವಾಟ್ಸಾಪ್ ಕಳಿಸುತ್ತಾರೆ. ಜಗತ್ತು ಹಿಗ್ಗುತ್ತಿದೆ ಅಂತ 1927ರಲ್ಲೇ ಬರೆದ ಬೆಲ್ಜಿಯಂನ ವಿಜ್ಞಾನಿ ಲೆಮೆತ್ರ್ ಕೂಡ ಪಾದ್ರಿ. 1951ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಈ ಹೊಸ ವಿಜ್ಞಾನ ಸೃಷ್ಟಿಯ ಮಾತಿಗೆ ಸಾಕ್ಷಿ ಅನ್ನುವಂತೆ ಮಾತಾಡಿದಾಗ ಲೆಮೆತ್ರ್‌ಗೆ ಅದು ಹಿಡಿಸಲಿಲ್ಲ. ಇದನ್ನೂ ಚಿಕ್ಕಪ್ಪನಿಗೆ ಓದಿ ಹೇಳಿ. ನಾಳೆ ಲೆಕ್ಕ ಬದಲಾದರೆ ದೇವರನ್ನೂ ಬದಲಾಯಿಸಬೇಕಾ?

ನನಗೆ ಇದೆಲ್ಲ ಹೊಸದೇನಲ್ಲ. ಮಳೆ ಹಿಡಿಯುವ ಮುಂಚೆ ಅಡಿಕೆಯ ಕೊಳೆರೋಗಕ್ಕೆ ಔಷಧಿ ಕಲಸಲು ನೀವು ಡ್ರಮ್ಮಿನ ಮುಂದೆ ನಿಲ್ಲುತ್ತಿದ್ದಿರಿ. ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ, 100 ಲೀಟರ್ ನೀರು. ಕಲಸಿ, ಕತ್ತಿ ಅದ್ದಿ ತೆಗೆಯುತ್ತಿದ್ದಿರಿ. ಅಲಗಿಗೆ ಕೆಂಪು ಹಿಡಿದರೆ "ಇನ್ನೊಂಚೂರು ಸುಣ್ಣ ಹಾಕು" ಅನ್ನುತ್ತಿದ್ದಿರಿ. ಕೆಂಪು ಹಿಡಿಯದಿದ್ದರೆ ಮಾತ್ರ ಶಿಲುಬೆ ಗುರುತು ಹಾಕಿಕೊಂಡು ಕೊನೆಗಾರನನ್ನು ಮರ ಹತ್ತಿಸುತ್ತಿದ್ದಿರಿ. ಕತ್ತಿ ಅದ್ದದೆ ಬರೀ ಶಿಲುಬೆ ಗುರುತು ಹಾಕಿದ್ದನ್ನು ನಾನಂತೂ ನೋಡಿಲ್ಲ.

ಎಲ್ಲ ಬಗೆಹರಿದಿದೆ ಅಂತಲ್ಲ. ಅಮ್ಮನಿಗೆ ಜ್ವರ ಬಂದಾಗ ಇಲ್ಲಿ ಮೊಣಕಾಲೂರಿ ಬೇಡಿಕೊಂಡೆ. ಮಾತ್ರೆ ಮಾಡುವ ಕೆಲಸವನ್ನೇ ದೇವರು ಮಾಡಲಿ ಅಂತ ಕೇಳಿದೆನಾ, ಬೇರೇನಾದರೂ ಕೇಳಿದೆನಾ, ನನಗೇ ಗೊತ್ತಿಲ್ಲ. ಆದರೂ ಬೇಡಿಕೊಂಡೆ.

ತೀರ್ಥಹಳ್ಳಿ ಕಡೆ ಮಳೆ ಬಿಟ್ಟೇ ಇಲ್ಲ ಅಂತ ಅಮ್ಮ ಹೇಳಿದರು. ಕೊಳೆ ಕಾಣಿಸಿದೆಯಾ? ಎರಡನೇ ಸಲ ಔಷಧಿ ಹೊಡೆಸಲು ಜನ ಸಿಕ್ಕಿದರಾ? ದುಡ್ಡು ಸೋಮವಾರ ಕಳಿಸುತ್ತೇನೆ.

ನಿಮ್ಮ ಮಗ