ಗೆದ್ದ ದಿನ ಅತ್ತ ಮಗಳಿಗೆ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ನಾನು ಉತ್ತರಿಸಲಿಲ್ಲ. ಊಟ ಮಾಡಿ ಮಲಗು ಎಂದುಬಿಟ್ಟೆ. ಬಡ್ತಿ ಸಿಕ್ಕ ದಿನವೇ ನಿನ್ನ ದನಿ ಒಡೆದದ್ದು ಕೇಳಿ ನನಗೆ ಮಾತು ಹೊರಡಲಿಲ್ಲ. ಇದ್ದದ್ದು ಒಂದೇ ಜಾಗ. ಅದಕ್ಕೆ ಕಾದಿದ್ದವರು ಒಂದೇ ಕೋಣೆಯಲ್ಲಿರುವ ನೀವಿಬ್ಬರು. ನಿನ್ನ ಗೆಳತಿ ನಿನ್ನನ್ನು ಅಪ್ಪಿಕೊಂಡು, ಆಮೇಲೆ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಹೊರಗೆ ಬರಲಿಲ್ಲ ಎಂದೆ. "ಗೆದ್ದೆ ಎಂದು ಯಾಕಮ್ಮಾ ಅನ್ನಿಸುತ್ತಿಲ್ಲ?" ಎಂದೆ.

ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಹಳಗನ್ನಡ ಹೇಳಿಕೊಟ್ಟವಳು ನಾನು. ನಿದ್ದೆ ಬಾರದೆ ಎದ್ದು ಕೂತಾಗ ಕೈಗೆ ಬಂದವನು ಪಂಪ. 941ರಲ್ಲಿ 'ಆದಿಪುರಾಣ' ಬರೆದಾಗ ಅವನಿಗೆ ನಲವತ್ತರ ಆಸುಪಾಸು. ಗೆಲುವಿನ ರುಚಿ ಬಲ್ಲವನು, ಗೆದ್ದ ಅರಸರ ಪಕ್ಕದಲ್ಲೇ ನಿಂತು ನೋಡಿದವನು. ಅವನ ಭರತ, ಬಾಹುಬಲಿಯ ಅಣ್ಣ, ಭೂಮಿಯ ಆರು ಭಾಗಗಳಾದ ಷಟ್ಖಂಡಗಳನ್ನು ಗೆದ್ದು ವೃಷಭಾಚಲಕ್ಕೆ ಬರುತ್ತಾನೆ. ಇಂಥ ದಿಗ್ವಿಜಯ ತನಗೊಬ್ಬನಿಗೇ ಸಾಧ್ಯವಾದದ್ದು ಎಂಬ ಹೆಮ್ಮೆಯಲ್ಲಿ, ಆ ಬೆಟ್ಟದ ಬಂಡೆಯ ಮೇಲೆ ತನ್ನ ಹೆಸರು ಕೆತ್ತಿಸಬೇಕೆಂದುಕೊಳ್ಳುತ್ತಾನೆ. ನೋಡಿದರೆ ಅಲ್ಲಿ ಜಾಗವೇ ಇಲ್ಲ. ಹಿಂದೆ ಆಗಿಹೋದ ಚಕ್ರವರ್ತಿಗಳ ಹೆಸರುಗಳು ಬಂಡೆಯ ತುಂಬಾ ಕಿಕ್ಕಿರಿದಿವೆ. ಅವನ ಗರ್ವ ಅಲ್ಲೇ ಸೋರಿಹೋಗುತ್ತದೆ.

ಪಂಪ ಇಷ್ಟಕ್ಕೆ ನಿಲ್ಲಿಸಿದ್ದರೆ ನೀತಿಕತೆಯಾಗುತ್ತಿತ್ತು. ಭರತ ಮುಂದೇನು ಮಾಡುತ್ತಾನೆ ಗೊತ್ತೇ? ಹಳೆಯ ಹೆಸರೊಂದನ್ನು ಅಳಿಸಿ, ಅಲ್ಲಿ ತನ್ನದನ್ನು ಬರೆಸುತ್ತಾನೆ! ತರಗತಿಯಲ್ಲಿ ಈ ಭಾಗಕ್ಕೆ ಬಂದಾಗಲೆಲ್ಲ ನನ್ನ ದನಿ ತಗ್ಗುತ್ತಿತ್ತು. ಯಾವನೋ ಒಬ್ಬ ಚಕ್ರಿ, ಅವನೂ ಇಷ್ಟೇ ದೂರ ನಡೆದು ಬಂದವನು, ಅವನ ಹೆಸರು ಹೋಯಿತು. ನಿನ್ನ ಹೆಸರು ಪಟ್ಟಿಯಲ್ಲಿ ಬಂದಾಗ ನಿನಗೆ ಕಂಡದ್ದು ಅಳಿಸಿದ ಆ ಜಾಗ. ಅದು ನಿನ್ನ ಕಣ್ಣಿಗೆ ಬಿತ್ತಲ್ಲ ಎಂದು ನನಗೆ ಸಂಕಟವೂ ಆಯಿತು, ಹೆಮ್ಮೆಯೂ ಆಯಿತು.

ಊರಿಗೆ ಮರಳಿದ ಭರತನ ಚಕ್ರರತ್ನ, ದಂಡಿನ ಮುಂದೆ ಸಾಗುವ ಆ ದಿವ್ಯ ಚಕ್ರ, ಅಯೋಧ್ಯೆಯ ಹೆಬ್ಬಾಗಿಲಲ್ಲಿ ನಿಂತುಬಿಡುತ್ತದೆ. ಲೋಕವೆಲ್ಲ ಮಣಿದಿದೆ, ಒಡಹುಟ್ಟಿದವರು ಮಣಿದಿಲ್ಲ. ಉಳಿದದ್ದು ನಿನಗೆ ಗೊತ್ತು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಬಾಹುಬಲಿ ಗೆಲ್ಲುತ್ತಾನೆ. ಸೋತ ಅಣ್ಣ ಸಿಟ್ಟಿನಲ್ಲಿ ಚಕ್ರ ಬಿಡುತ್ತಾನೆ. ಅದು ತಮ್ಮನಿಗೆ ಬಲಬಂದು ನಿಲ್ಲುತ್ತದೆ. ಆಗ ಬಾಹುಬಲಿ ಆಡುವ ಮಾತು: "ನೆಲಸುಗೆ ನಿನ್ನ ವಕ್ಷದೊಳೆ ನಿಶ್ಚಲಂ." ರಾಜ್ಯಲಕ್ಷ್ಮಿ ನಿನ್ನ ಎದೆಯಲ್ಲೇ ಕದಲದೆ ನೆಲೆಸಲಿ ಅಣ್ಣಾ, ಅಪ್ಪ ನನಗೆ ಕೊಟ್ಟ ನೆಲವನ್ನೂ ನಿನಗೇ ಕೊಟ್ಟೆ, ನೀನು ಒಲಿದ ಹೆಣ್ಣಿಗೂ ಮಣ್ಣಿಗೂ ನಾನು ಆಸೆಪಟ್ಟರೆ "ನೆಗಳ್ತೆ ಮಾಸದೇ?" ನೆಗಳ್ತೆ ಎಂದರೆ ಕೀರ್ತಿ. ಅಣ್ಣನಿಗೆ ಅದು ಬಂಡೆಯ ಮೇಲೆ ಕೆತ್ತಿಸುವ ವಸ್ತು, ತಮ್ಮನಿಗೆ ಮಾಸದಂತೆ ಕಾಯ್ದುಕೊಳ್ಳುವ ವಸ್ತು.

ಹಾಗೆಂದು ನೀನು ಬಡ್ತಿಯನ್ನು ಬಿಟ್ಟುಕೊಡಬೇಕೆಂದು ನಾನು ಹೇಳುತ್ತಿಲ್ಲ. ಖಂಡಿತ ಬೇಡ. ಮೂರು ವರ್ಷ ನೀನು ದುಡಿದದ್ದನ್ನು ನಾನು ಕಂಡಿದ್ದೇನೆ. ನೀನು ಬಿಟ್ಟುಕೊಟ್ಟರೆ ಆ ಹುಡುಗಿಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ.

ಇದೇ ಪಂಪ 'ವಿಕ್ರಮಾರ್ಜುನ ವಿಜಯ'ದಲ್ಲಿ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನಿಗೆ ಹೋಲಿಸಿ ಹಾಡಿದ. ಕಾವ್ಯದ ಹೆಸರಿನಲ್ಲೇ ಅರ್ಜುನನ ವಿಜಯವಿದೆ. ಆದರೆ ಕರ್ಣ ಬಿದ್ದಾಗ ಕವಿಗೆ ತಡೆಯಲಾಗುವುದಿಲ್ಲ. "ನೆನೆಯದಿರಣ್ಣ ಭಾರತದೊಳಿಂ ಪೆರರಾರುಮನ್" ಎನ್ನುತ್ತಾನೆ. ಮಹಾಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡ, ನೆನೆಯುವುದಾದರೆ ಕರ್ಣನನ್ನು ನೆನೆ. ಗೆದ್ದವನ ಅನ್ನ ಉಂಡು, ಗೆದ್ದವನ ಸಭೆಯಲ್ಲಿ ಓದುವ ಕಾವ್ಯದಲ್ಲಿ ಈ ಮಾತು ಬರೆದನಲ್ಲ, ಅದಕ್ಕೆಂಥ ಎದೆ ಬೇಕು!

ಸುಮಾರು ಒಂಬೈನೂರು ವರ್ಷದ ಆಚೆ, ಅಮೆರಿಕದ ಆಮ್‌ಹರ್ಸ್ಟ್ ಎಂಬ ಊರಿನಲ್ಲಿ ಎಮಿಲಿ ಡಿಕಿನ್ಸನ್ ಎಂಬ ಕವಯಿತ್ರಿ ಕೂಡ ಒಂದು ಪದ್ಯದಲ್ಲಿ ಸೋತವನ ಪಕ್ಕದಲ್ಲೇ ಕೂತಳು. ಅವಳ ಆ ಪದ್ಯಕ್ಕೆ ಹನ್ನೆರಡೇ ಸಾಲು. ಯಶಸ್ಸಿನ ಸಿಹಿ ಅದು ದಕ್ಕದವರಿಗೇ ಹೆಚ್ಚು ತಿಳಿಯುತ್ತದೆ ಎಂದು ಆರಂಭವಾಗಿ, ರಣರಂಗದಲ್ಲಿ ಸೋತು ಸಾಯುತ್ತಿರುವವನ ಕಿವಿಗೆ ದೂರದ ವಿಜಯವಾದ್ಯ ಬಂದು ಬಡಿಯುವಲ್ಲಿಗೆ ಮುಗಿಯುತ್ತದೆ. ಬಾವುಟ ಹಿಡಿದವರಾರಿಗೂ ಗೆಲುವು ಎಂದರೇನೆಂದು ಅವನಷ್ಟು ಸ್ಪಷ್ಟವಾಗಿ ಹೇಳಲಾಗದು. ಈ ಪದ್ಯ 1878ರಲ್ಲಿ ಅವಳ ಹೆಸರಿಲ್ಲದೆ ಅಚ್ಚಾಯಿತು. ಓದಿದ ಕೆಲವರು ಆಗಿನ ಹೆಸರಾಂತ ಲೇಖಕ ಎಮರ್ಸನ್ ಬರೆದದ್ದಿರಬೇಕು ಎಂದುಕೊಂಡರು. ಸುಮಾರು 1,800 ಪದ್ಯ ಬರೆದವಳ ಬದುಕಿನಲ್ಲಿ ಅಚ್ಚು ಕಂಡವು ಹತ್ತರ ಆಚೀಚೆ.

ಆ ವಾದ್ಯ ನಾನೂ ಕೇಳಿದ್ದೇನೆ. ನೀನು ಹುಟ್ಟುವ ಮೊದಲು, ನಾನು ಆಸೆಪಟ್ಟಿದ್ದ ಉದ್ಯೋಗವೊಂದಕ್ಕೆ ಇನ್ನೊಬ್ಬಳ ಹೆಸರನ್ನು ಒಳಗೆ ಓದಿದರು. ನಾನು ಕಾರಿಡಾರಿನಲ್ಲಿ ನಿಂತಿದ್ದೆ. ಕಿಟಕಿಯಿಂದ ಚಪ್ಪಾಳೆ ಕೇಳಿಸಿತು. ಆ ಕೆಲಸ ನನಗೆಷ್ಟು ಬೇಕಾಗಿತ್ತು ಎಂದು ಆ ಚಪ್ಪಾಳೆಯಲ್ಲೇ ನನಗೆ ತಿಳಿದದ್ದು. ಗೆದ್ದವಳು ಹೊರಗೆ ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತಳು. ಸಮಾಧಾನದ ಒಂದು ಮಾತೂ ಆಡಲಿಲ್ಲ. ಕತ್ತಲಾಗುವವರೆಗೆ ಕೂತಿದ್ದು, ನನ್ನ ಬಸ್ಸು ಬಂದಾಗ ನನ್ನ ಚೀಲ ಎತ್ತಿಕೊಟ್ಟಳು. ನನಗೆ ಅವಳ ಮೇಲೆ ಹೊಟ್ಟೆಕಿಚ್ಚು ಹುಟ್ಟಲೇ ಇಲ್ಲ.

ಡಿ.ವಿ.ಜಿ.ಯವರ 'ವನಸುಮ' ನಿನಗೆ ಬಾಯಿಪಾಠ ಮಾಡಿಸಿದ್ದೆ. ಕಾನನದ ಮಲ್ಲಿಗೆ ಎಲೆಯ ಹಿಂದಿದ್ದು, ಮೌನದಿಂದ ಬಿರಿದು, ಪರಿಮಳ ಸೂಸಿ, "ಕೃತಕೃತ್ಯತೆಯ" ಪಡೆಯುತ್ತದೆ. ಅವರೂ ಹಾಗೆಯೇ ಬದುಕಿದರು. ಜನ ಸನ್ಮಾನಿಸಿ ಒಪ್ಪಿಸಿದ ನಿಧಿಯನ್ನು ಗೋಖಲೆ ಸಂಸ್ಥೆಗೆ ಕೊಟ್ಟುಬಿಟ್ಟರು. ಆದರೂ ಹೆಣ್ಣುಮಗಳೊಬ್ಬಳ ತಾಯಿಯಾಗಿ ಆ ಎಲೆಯ ಹಿಂದಿನ ಜಾಗ ನನ್ನನ್ನು ಚುಚ್ಚುತ್ತದೆ. ನನ್ನಮ್ಮನನ್ನೂ ಅಜ್ಜಿಯನ್ನೂ ಎಲೆಯ ಹಿಂದೆ ಇರಿಸಿದವರು ಬೇರೆಯವರು, ಅವರಾಗಿ ಆರಿಸಿಕೊಂಡದ್ದಲ್ಲ. ಆದ್ದರಿಂದ ನೀನು ಎಲೆಯ ಮುಂದೆಯೇ ಅರಳು. ಆ ಪದ್ಯದಿಂದ ನಿನಗಾಗಿ ನಾನು ಎತ್ತಿಡುವುದು ಇನ್ನೊಂದು ನುಡಿ: "ಜಗದ ಪೊಗಳಿಕೆಗೆ ಬಾಯ್ಬಿಡದೆ." ಸೋಮವಾರ ನೀನು ಹೊಸ ಕುರ್ಚಿಯಲ್ಲಿ ಕೂತಾಗ ಹೊಗಳುವವರು ಬರುತ್ತಾರೆ. ಗೆಳತಿಯ ಎದುರಿಗೇ ಹೊಗಳುತ್ತಾರೆ. ಆಗ ಈ ನುಡಿ ನೆನಪಾಗಲಿ.

ನಿನಗೆ ಎಂಟು ವರ್ಷವಿದ್ದಾಗ ಶ್ರವಣಬೆಳಗೊಳದ ಬೆಟ್ಟ ಹತ್ತಿಸಿದ್ದೆ. ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಅರ್ಧಕ್ಕೇ ನೀನು ಕೂತುಬಿಟ್ಟಿದ್ದೆ. ಮೇಲೆ ಬಂದು ಬಾಹುಬಲಿಯ ತೊಡೆಗೆ ಹಬ್ಬಿದ ಬಳ್ಳಿ ನೋಡಿ, "ಇವನು ಗೆದ್ದವನಾ, ಸೋತವನಾ?" ಎಂದು ಕೇಳಿದ್ದೆ. ಆಗಲೂ ನಾನು ಸರಿಯಾಗಿ ಉತ್ತರಿಸಲಿಲ್ಲ, ನೀರು ಕುಡಿ ಎಂದಿದ್ದೆ.

ಮುಂದಿನ ಶನಿವಾರ ಊರಿಗೆ ಬಾ. ನಿನ್ನ ಗೆಳತಿ ಒಪ್ಪಿದರೆ ಜೊತೆಗೆ ಕರೆದುಕೊಂಡು ಬಾ, ಒತ್ತಾಯ ಮಾಡಬೇಡ. ಭಾನುವಾರ ಹಾಸನದಿಂದ ಮೊದಲ ಬಸ್ಸಿಗೇ ಹೊರಟರೆ, ಕಲ್ಲು ಕಾಯುವ ಮೊದಲು ಮೂವರೂ ಹತ್ತಿ ಇಳಿಯಬಹುದು.

ನಿನ್ನ
ಅಮ್ಮ