ಮುಟ್ಟು ನಿಂತ ಮೇಲಿನ ಭಯ: ಗೆಳತಿಗೊಂದು ಪತ್ರ

ಬೆಂಗಳೂರು

ಪ್ರಿಯ ಸರೋಜಾ,

ಮುಟ್ಟು ನಿಂತ ಮೇಲೆ ಒಮ್ಮೆ ರಕ್ತದ ಗೆರೆ ಕಂಡು, ಕ್ಯಾನ್ಸರ್ ಇರಬಹುದು ಅಂತ ಹೆದರಿ ನೀನು ಕಳಿಸಿದ ಸ್ಕ್ಯಾನಿಂಗ್ ರಿಪೋರ್ಟು, ಗರ್ಭಕೋಶದ ಕೊರಳಿನ ಪ್ಯಾಪ್ ರಿಪೋರ್ಟು, ಲ್ಯಾಬಿನ ರಕ್ತ ಪರೀಕ್ಷೆ ಎಲ್ಲ ನೋಡಿದೆ. ಫೋನಿನಲ್ಲಿ ಹೇಳಿದ್ದು ರಾತ್ರಿ ಭಯವಾದಾಗ ನೆನಪಿಗೆ ಬರೋದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇದೇ ಸಂಕಟದಲ್ಲಿರುವ ಬೇರೆಯವರೂ ಓದಲಿ ಅಂದೆಯಲ್ಲ, ಹಾಗಾಗಿ ನಿನ್ನ ಹೆಸರು ಬದಲಿಸಿ ಎಲ್ಲರಿಗೂ ಕಾಣುವಂತೆ ಹಾಕಿದ್ದೇನೆ.

ಮೊದಲು ರಾಜಿ ಇಲ್ಲದ ಮಾತು. ಮುಟ್ಟು ನಿಂತು 12 ತಿಂಗಳು ತುಂಬಿದ ಮೇಲೆ ಕೆಳಗಿನಿಂದ ರಕ್ತ ಕಂಡರೆ ಡಾಕ್ಟರಿಗೆ ತೋರಿಸಲೇಬೇಕು. ಒಂದೇ ಹನಿ ಇರಲಿ, ಒಳ ಉಡುಪಿನ ಮೇಲೆ ಕಂದು ಕಲೆ ಇರಲಿ, ನೋವೇ ಇಲ್ಲದಿರಲಿ, ತೋರಿಸಬೇಕು. ನೀನು ತೋರಿಸಿದೆ, ಸರಿಯಾದ ಕೆಲಸ ಮಾಡಿದೆ. ಆದರೆ ಅಲ್ಲಿ ಕೇಳಿದ ಎರಡು ಲೆಕ್ಕವನ್ನು ನೀನು ಅದಲುಬದಲು ಮಾಡಿಕೊಂಡಿದ್ದೀಯ. ಗರ್ಭಕೋಶದ ಒಳಪದರದ ಕ್ಯಾನ್ಸರ್ ಬಂದವರಲ್ಲಿ ನೂರಕ್ಕೆ ಸುಮಾರು 90 ಮಂದಿಗೆ ರಕ್ತಸ್ರಾವ ಆಗಿರುತ್ತೆ, ಇದು ಒಂದು ಲೆಕ್ಕ. ಮುಟ್ಟು ನಿಂತ ಮೇಲೆ ರಕ್ತ ಕಂಡವರಲ್ಲಿ ನೂರಕ್ಕೆ ಸುಮಾರು 90 ಮಂದಿಗೆ ಆ ಕ್ಯಾನ್ಸರ್ ಇರೋದಿಲ್ಲ, ಇದು ಇನ್ನೊಂದು. ಎರಡೂ ನಿಜ. ಒಳಪದರ ತೆಳುವಾಗಿ ಒಣಗಿರೋದು, ಪಾಲಿಪ್ ಅನ್ನೋ ಸಣ್ಣ ಗಂಟು, ಹಾರ್ಮೋನ್ ಮಾತ್ರೆ, ಇವೇ ಹೆಚ್ಚಿನವರಲ್ಲಿ ಕಾರಣ. ಉಳಿದ ಆ ಕೆಲವರಿಗಾಗಿಯೇ ಪರೀಕ್ಷೆ ಬಿಡಬಾರದು. ಈ ಕ್ಯಾನ್ಸರ್ ರಕ್ತದ ಮೂಲಕ ಬೇಗ ಗುರುತು ಕೊಡೋದರಿಂದಲೇ ಅನೇಕರಲ್ಲಿ ಗರ್ಭಕೋಶದೊಳಗೇ ಇರುವಾಗ ಸಿಕ್ಕಿಬೀಳುತ್ತೆ.

ಈಗ ನಿನ್ನ ಸ್ಕ್ಯಾನಿಂಗ್. ಅದರಲ್ಲಿ ‘ಇಟಿ 3 ಎಂಎಂ’ ಅಂತ ಇರೋದು ಒಳಪದರದ ದಪ್ಪ. ರಕ್ತ ಕಂಡವರಲ್ಲಿ, ಯೋನಿಯ ಒಳಗಿನಿಂದ ಮಾಡಿದ ಸ್ಕ್ಯಾನಿಂಗ್‌ನಲ್ಲಿ ಈ ದಪ್ಪ 4 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಒಳಪದರದ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಅದಕ್ಕೇ ಡಾಕ್ಟರು ನಿನಗೆ ಬಯಾಪ್ಸಿ (ಚೂರು ತೆಗೆದು ಪರೀಕ್ಷಿಸೋದು) ಬೇಡ ಅಂದದ್ದು, ಉದಾಸೀನದಿಂದ ಅಲ್ಲ. ಆದರೆ ಮತ್ತೆ ರಕ್ತ ಕಂಡರೆ, ಹಳೇ ರಿಪೋರ್ಟು ಎಷ್ಟೇ ಚೆನ್ನಾಗಿದ್ದರೂ ಮತ್ತೆ ಹೋಗಬೇಕು. ಆಗ ಪೈಪೆಲ್ ಅನ್ನೋ ಸುಮಾರು 3 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಕೊಳವೆಯಿಂದ ಒಳಪದರದ ಚೂರು ತೆಗೆದು ಕಳಿಸುತ್ತಾರೆ, ಇಲ್ಲವೇ ಹಿಸ್ಟರೋಸ್ಕೋಪಿ ಮಾಡಿ, ಅಂದರೆ ಗರ್ಭಕೋಶದೊಳಗೆ ಸಣ್ಣ ಕ್ಯಾಮೆರಾ ಹಾಕಿ, ಕಣ್ಣಾರೆ ನೋಡುತ್ತಾರೆ. ಪೈಪೆಲ್ ಕೆಲವೇ ನಿಮಿಷದ ಕೆಲಸ, ಮುಟ್ಟಿನ ನೋವಿನಂಥ ಹಿಂಡಿದ ನೋವು ಬರುತ್ತೆ. ಒಂದು ಗಂಟೆ ಮುಂಚೆ ನೋವಿನ ಮಾತ್ರೆ ತಗೋಬಹುದೇ ಅಂತ ಡಾಕ್ಟರನ್ನು ಕೇಳು. ಆಮೇಲೆ ಒಂದೆರಡು ದಿನ ಸ್ವಲ್ಪ ಕಲೆ ಕಾಣೋದು ಸಹಜ.

ಆ 4 ಮಿಲಿಮೀಟರ್ ಗೆರೆ ರಕ್ತ ಕಂಡವರಿಗೆ ಮಾತ್ರ ಹಾಕಿದ್ದು. ನಿನ್ನ ಅಕ್ಕನಿಗೆ ರಕ್ತವೇ ಕಂಡಿಲ್ಲ, ಬೇರೆ ಯಾವುದಕ್ಕೋ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ 6 ಮಿಲಿಮೀಟರ್ ಬಂತು ಅಂತ ಇಬ್ಬರೂ ಒದ್ದಾಡುತ್ತಿದ್ದೀರಿ. ಅವರಿಗೆ ಈ ಗೆರೆ ಅನ್ವಯಿಸೋದಿಲ್ಲ. ತೂಕ, ಸಕ್ಕರೆ ಕಾಯಿಲೆ, ಸ್ತನ ಕ್ಯಾನ್ಸರಿಗೆ ಟಾಮಾಕ್ಸಿಫೆನ್ ಮಾತ್ರೆ ತಗೊಂಡಿದ್ದು, ಇವನ್ನೆಲ್ಲ ನೋಡಿ ಡಾಕ್ಟರು ತೀರ್ಮಾನ ಮಾಡುತ್ತಾರೆ. ಇನ್ನೊಂದು: ಒಂದೇ ಹೆಂಗಸನ್ನು ಎರಡು ಮಷಿನ್‌ನಲ್ಲಿ, ಎರಡು ಕೈಯಲ್ಲಿ ಅಳೆದರೆ ಒಂದು ಮಿಲಿಮೀಟರ್ ಹೆಚ್ಚುಕಡಿಮೆ ಆಗೋದು ಮಾಮೂಲು. ಜಯನಗರದಲ್ಲಿ 3, ಮಲ್ಲೇಶ್ವರದಲ್ಲಿ 4 ಬಂದರೆ ಅದು ಬೆಳೆದದ್ದಲ್ಲ.

ರಿಪೋರ್ಟು ಡಾಕ್ಟರ ಕೈ ಸೇರುವ ಮುಂಚೆ ನಿನ್ನ ವಾಟ್ಸಾಪಿಗೆ ಬರುತ್ತಲ್ಲ, ಅಲ್ಲೇ ಅರ್ಧ ತೊಂದರೆ ಶುರು. ನಿನ್ನ ಪ್ಯಾಪ್ ರಿಪೋರ್ಟಿನ ಕೊನೆ ಸಾಲನ್ನು ನಿಧಾನವಾಗಿ ಓದು: ‘ನೆಗೆಟಿವ್ ಫಾರ್ ಇಂಟ್ರಾಎಪಿಥೀಲಿಯಲ್ ಲೀಶನ್ ಆರ್ ಮ್ಯಾಲಿಗ್ನೆನ್ಸಿ’. ನೀನು ‘ಮ್ಯಾಲಿಗ್ನೆನ್ಸಿ’ ಅನ್ನೋದನ್ನು ಮಾತ್ರ ನೋಡಿ ಕೂತುಬಿಟ್ಟೆ. ಆ ಸಾಲು ಹೇಳೋದು ಕ್ಯಾನ್ಸರೂ ಕಾಣಲಿಲ್ಲ, ಅದಕ್ಕೆ ಮುಂಚಿನ ಬದಲಾವಣೆಯೂ ಕಾಣಲಿಲ್ಲ ಅಂತ. ‘ಅಟ್ರೋಫಿಕ್’ ಅಂದರೆ ವಯಸ್ಸಿಗೆ ತಕ್ಕಂತೆ ತೆಳುವಾಗಿದೆ. ‘ನಾಬೋಥಿಯನ್ ಸಿಸ್ಟ್’ ಗರ್ಭಕೋಶದ ಕೊರಳಲ್ಲಿರುವ, ಏನೂ ಮಾಡದ ಲೋಳೆಯ ಗುಳ್ಳೆ. ‘ಓವರೀಸ್ ನಾಟ್ ವಿಶುವಲೈಸ್ಡ್’ ಅಂತ ಇದ್ದರೆ ಅಂಡಾಶಯ ಚಿಕ್ಕದಾಗಿ ಕರುಳಿನ ಮರೆಯಲ್ಲಿ ಕಾಣಲಿಲ್ಲ ಅಂತ, ಈ ವಯಸ್ಸಿನಲ್ಲಿ ಅದು ಸಾಮಾನ್ಯ. ‘ಕ್ಲಿನಿಕಲ್ ಕೋರಿಲೇಶನ್’, ಅಂದರೆ ಲಕ್ಷಣದ ಜೊತೆ ಹೊಂದಿಸಿ ನೋಡಿ ಅನ್ನೋದು, ಲ್ಯಾಬಿನವರು ಬಹುಪಾಲು ರಿಪೋರ್ಟಿನ ಕೆಳಗೆ ಬರೆಯುವ ಮಾತು. ಆದರೆ ಪ್ಯಾಪ್ ನೋಡೋದು ಗರ್ಭಕೋಶದ ಕೊರಳನ್ನು, ಒಳಪದರವನ್ನಲ್ಲ. ರಕ್ತ ಕಂಡವರು ‘ಪ್ಯಾಪ್ ನಾರ್ಮಲ್ ಇದೆ’ ಅಂತ ಸುಮ್ಮನಾಗಬಾರದು.

ಲ್ಯಾಬ್ ಪ್ಯಾಕೇಜ್ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಲಕ್ಷಣವೇ ಇಲ್ಲದವರಿಗೆ ‘ಮಹಿಳಾ ಪ್ಯಾಕೇಜ್’ ಅಂತ ಸಿಎ-125 ಅನ್ನೋ, ಅಂಡಾಶಯದ ಕ್ಯಾನ್ಸರಿನ ಸುಳಿವಿಗೆ ನೋಡುವ ರಕ್ತ ಪರೀಕ್ಷೆ ಸೇರಿಸಿ ಮಾರುತ್ತಾರೆ. ಅದು 35ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯ ಅನ್ನುತ್ತಾರೆ, ನಿನ್ನದು 18. ಆದರೆ ಅಂಡಾಶಯದ ಕ್ಯಾನ್ಸರ್ ಒಂದರಿಂದಲೇ ಅದು ಏರೋದಿಲ್ಲ. ಲಿವರ್ ತೊಂದರೆ, ಹೃದಯದ ತೊಂದರೆ, ಹೊಟ್ಟೆಯ ಟಿಬಿ, ಎಂಡೋಮೆಟ್ರಿಯೋಸಿಸ್ (ಒಳಪದರದಂಥ ಪದರ ಗರ್ಭಕೋಶದ ಹೊರಗೆ ಬೆಳೆಯೋದು), ಇವುಗಳಲ್ಲೂ ಏರುತ್ತೆ. ಮೊದಲ ಹಂತದ ಕ್ಯಾನ್ಸರ್ ಇದ್ದೂ ಏರದೇ ಇರಬಹುದು. ಸ್ಕ್ಯಾನಿಂಗ್‌ನಲ್ಲಿ ಏನಾದರೂ ಕಂಡಾಗ, ಅಥವಾ ಲಕ್ಷಣ ನೋಡಿ ಡಾಕ್ಟರು ಕೇಳಿದಾಗ ಅದಕ್ಕೆ ಬೆಲೆ. ತಿಂಗಳಿಗೊಮ್ಮೆ ಸುಮ್ಮನೆ ಮಾಡಿಸಿದರೆ 18 ಇದ್ದದ್ದು 22 ಆಗುತ್ತೆ, ನಿನ್ನ ವಾರ ಹಾಳಾಗುತ್ತೆ. ಇನ್ನು ಅಂಡಾಶಯದಲ್ಲಿ 5 ಸೆಂಟಿಮೀಟರಿಗಿಂತ ಚಿಕ್ಕದಾದ, ಬರೀ ನೀರು ತುಂಬಿದ ಒಂದೇ ಕೋಣೆಯ ಸಿಸ್ಟ್ ಇದ್ದು, ಸಿಎ-125 ಸಾಮಾನ್ಯವಾಗಿದ್ದರೆ, ಮುಟ್ಟು ನಿಂತವರಲ್ಲೂ ಆಪರೇಶನ್ ಮಾಡದೆ ನಾಲ್ಕರಿಂದ ಆರು ತಿಂಗಳಿಗೆ ಮತ್ತೆ ಸ್ಕ್ಯಾನಿಂಗ್ ಮಾಡಿ ನೋಡೋದು ರೂಢಿ.

ಅಂಡಾಶಯದ ವಿಷಯದಲ್ಲಿ ಗಮನಿಸಬೇಕಾದದ್ದು ಬೇರೆ: ಹೊಸದಾಗಿ ಶುರುವಾದ ಹೊಟ್ಟೆಯುಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬೋದು, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರಕ್ಕೆ ಅವಸರ. ಇವು ತಿಂಗಳಲ್ಲಿ 12 ದಿನಕ್ಕಿಂತ ಹೆಚ್ಚು ಕಾಡಿದರೆ ಗ್ಯಾಸ್ ಮಾತ್ರೆ ನುಂಗುತ್ತಾ ಕೂರಬಾರದು. ಕಾಳು ಸಾರು ಉಂಡ ರಾತ್ರಿ ಹೊಟ್ಟೆ ಉಬ್ಬಿ ಬೆಳಗ್ಗೆ ಇಳಿದರೆ ಅದು ಈ ಲೆಕ್ಕಕ್ಕೆ ಬರೋದಿಲ್ಲ. ಯೋನಿಯ ಹೊರಭಾಗದಲ್ಲಿ ವಾಸಿಯಾಗದ ಹುಣ್ಣು, ಗಂಟು, ಬಿಳಿ ಮಚ್ಚೆಯೊಂದಿಗೆ ಬಿಡದ ನವೆ, ಇವನ್ನೂ ತೋರಿಸಬೇಕು.

ಇಷ್ಟು ಬಿಟ್ಟರೆ ನೀನು ಬರೆದ ಉಳಿದದ್ದು, ಉರಿ, ಒಣಗಿದ ಹಾಗಾಗೋದು, ಮೂತ್ರ ಮಾಡುವಾಗ ಚುರುಕ್ ಅನ್ನೋದು, ಕೂಡುವಾಗ ನೋವು, ಒರೆಸಿದಾಗ ಒಮ್ಮೆ ಕಂಡ ಗುಲಾಬಿ ಗೆರೆ, ಎಲ್ಲಕ್ಕೂ ಡಾಕ್ಟರು ಹೇಳಿದ ಕಾರಣ ಒಂದೇ. ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನ್ ಇಳಿದಾಗ ಯೋನಿಯ ಚರ್ಮ ತೆಳುವಾಗುತ್ತೆ, ಅಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯ ಕಡಿಮೆಯಾಗಿ ಹುಳಿಯ ಅಂಶ ಹೋಗುತ್ತೆ, ಹುಳಿ ಇಳಿದಷ್ಟೂ ಏರುವ ಪಿಎಚ್ ಅನ್ನೋ ಅಳತೆ 4.5ರ ಒಳಗಿದ್ದದ್ದು 5 ದಾಟುತ್ತೆ. ಮೂತ್ರನಾಳದ ಬಾಯಿಗೂ ಇದೇ ಗತಿ. ಮೈ ಇದ್ದಕ್ಕಿದ್ದಂತೆ ಬಿಸಿಬಿಸಿ ಅನ್ನಿಸೋದು ಒಂದಷ್ಟು ವರ್ಷಕ್ಕೆ ತಾನಾಗಿ ಇಳಿಯಬಹುದು, ಈ ಒಣಗೋದು ಚಿಕಿತ್ಸೆ ಇಲ್ಲದೆ ಇಳಿಯೋದಿಲ್ಲ.

ಇದಕ್ಕೇ ನಿನಗೆ ಬರೆದುಕೊಟ್ಟ ಈಸ್ಟ್ರಿಯಾಲ್ (ಈಸ್ಟ್ರೋಜನ್ ಜಾತಿಯ ಹಾರ್ಮೋನ್) ಕ್ರೀಮು ಪೆಟ್ಟಿಗೆಯಲ್ಲೇ ಇದೆ ಅಂದೆ. ಒಳಗಿನ ಚೀಟಿಯಲ್ಲಿ ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟೋದು ಅಂತ ಓದಿ ಹೆದರಿದೆ. ಆ ಎಚ್ಚರಿಕೆಗಳು ಹೆಚ್ಚಾಗಿ ನುಂಗುವ ಹಾರ್ಮೋನ್ ಮಾತ್ರೆಗಳ ಅನುಭವದಿಂದ ಬಂದವು. ಯೋನಿಗೆ ಹಾಕುವ ಪ್ರಮಾಣದಲ್ಲಿ ರಕ್ತಕ್ಕೆ ಸೇರೋದು ತೀರಾ ಕಡಿಮೆ. ಸಾಮಾನ್ಯ ಕ್ರಮ ಹೀಗೆ: ಮೊದಲ ಎರಡು ವಾರ ದಿನಾ ರಾತ್ರಿ ಅರ್ಧ ಗ್ರಾಂ, ಆಮೇಲೆ ವಾರಕ್ಕೆರಡು ಸಲ. ಅಪ್ಲಿಕೇಟರಿನ ಗೆರೆ ತನಕ ತುಂಬಿಸಿ ಮಲಗುವಾಗ ಹಾಕಿಕೋ, ಎದ್ದು ಓಡಾಡಿದರೆ ಹೊರಗೆ ಬಂದುಬಿಡುತ್ತೆ. ಮೊದಲ ದಿನಗಳಲ್ಲಿ ಸ್ವಲ್ಪ ಉರಿದರೆ ಗಾಬರಿಯಾಗಿ ನಿಲ್ಲಿಸಬೇಡ. ಪೂರ್ತಿ ಗುಣ ಕಾಣೋಕೆ ಎರಡು ಮೂರು ತಿಂಗಳು ಹಿಡಿಯುತ್ತೆ. ಹತ್ತು ದಿನಕ್ಕೆ ‘ಏನೂ ಆಗಲಿಲ್ಲ’ ಅಂತ ಬಿಡೋದೇ ಎಲ್ಲರೂ ಮಾಡುವ ತಪ್ಪು. ಸ್ತನ ಕ್ಯಾನ್ಸರ್ ಆಗಿದ್ದವರು ಮಾತ್ರ ತಮ್ಮ ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಹಾಕಬಾರದು, ಕಾರಣ ಗೊತ್ತಾಗದ ರಕ್ತಸ್ರಾವ ಇರುವಾಗಲೂ ಹಾಕಬಾರದು. ಹೊರಗೆ ಬರೀ ನೀರಿನಿಂದ ತೊಳೆ ಸಾಕು. ಡೆಟಾಲ್, ಪರಿಮಳದ ವಾಶ್, ಒಳಗೆ ನೀರು ಹಾಯಿಸೋದು, ಎಲ್ಲ ನಿಲ್ಲಿಸು. ತೆಳು ಚರ್ಮವನ್ನು ಇನ್ನಷ್ಟು ಸುಡುವುದು ಅವೇ. ಉರಿಮೂತ್ರ ಅಂತ ಮೆಡಿಕಲ್ ಶಾಪಿನಲ್ಲಿ ಆಂಟಿಬಯೋಟಿಕ್ ತಗೊಳ್ಳುವ ಮುಂಚೆ ಸೋಂಕಿದೆಯೇ ಅಂತ ತಿಳಿಯೋಕೆ ಒಂದು ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸು. ಎಷ್ಟೋ ಸಲ ಸೋಂಕೇ ಇರೋದಿಲ್ಲ. ಮುಂದಿನ ಸಲ ಒಳಗಿನ ಸ್ಕ್ಯಾನಿಂಗಿಗೆ ಮೂತ್ರ ಮಾಡಿಕೊಂಡೇ ಹೋಗು, ಒಣಗಿದೆ ಅಂತ ಮೊದಲೇ ಹೇಳಿದರೆ ಜೆಲ್ ಹೆಚ್ಚು ಹಾಕಿ ನಿಧಾನವಾಗಿ ಮಾಡುತ್ತಾರೆ.

ಇನ್ನು ಭಯ. ಅದನ್ನು ನಾನು ‘ಮನಸ್ಸಿನ ಕಲ್ಪನೆ’ ಅಂತ ತಳ್ಳಿಹಾಕೋದಿಲ್ಲ ಕಣೇ. ಹಾರ್ಮೋನ್ ಇಳಿಯುವಾಗ ಎದೆ ಢವಢವ, ಬೆವರು, ನಡುರಾತ್ರಿ ಎಚ್ಚರ ಎಲ್ಲ ನಿಜವಾಗಿಯೂ ಆಗುತ್ತೆ, ಮೆದುಳು ಅದನ್ನೇ ಅಪಾಯದ ಸೂಚನೆ ಅಂತ ಓದಿಕೊಳ್ಳುತ್ತೆ. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಒಮ್ಮೆ ನೋಡಿಸು, ಅವೂ ಇದೇ ವೇಷ ಹಾಕಿ ಬರುತ್ತವೆ. ಆಮೇಲೆ, ಗಮನ ಎಲ್ಲಿ ಹೋಗುತ್ತೋ ಅಲ್ಲಿನ ಸಣ್ಣ ಚುಚ್ಚೂ ದೊಡ್ಡದಾಗುತ್ತೆ. ಹಲ್ಲು ಕಿತ್ತ ಜಾಗಕ್ಕೆ ನಾಲಿಗೆ ಹೋಗುವ ಹಾಗೆ ನಿನ್ನ ಕೈ ಕಿಬ್ಬೊಟ್ಟೆಗೆ ಹೋಗುತ್ತೆ. ದಿನಕ್ಕೆ ಹತ್ತು ಸಲ ಒತ್ತಿದರೆ ಆ ಸ್ನಾಯು ನೋಯದೆ ಇನ್ನೇನು? ಕಲೆ ಇದೆಯೇ ಅಂತ ಟಿಶ್ಯೂನಿಂದ ಗಟ್ಟಿಯಾಗಿ ಒರೆಸಿ ಒರೆಸಿ ತೆಳು ಚರ್ಮ ಬಿರಿಯುತ್ತೆ, ಹೆದರಿಕೆಯಿಂದ ಕೆಳಗಿನ ಸ್ನಾಯು ಬಿಗಿಹಿಡಿದು ಮೂತ್ರಕ್ಕೆ ಅವಸರ, ಭಾರ ಅನ್ನಿಸುತ್ತೆ. ಹೀಗೆ ಪರೀಕ್ಷಿಸಿಕೊಳ್ಳೋದೇ ಹೊಸ ಲಕ್ಷಣ ಹುಟ್ಟಿಸುತ್ತೆ.

‘ಏನೂ ಇಲ್ಲ ಬಿಡೇ’ ಅಂತ ಮನೆಯವರು ಹೇಳಿದರೆ ಒಂದು ಗಂಟೆ ಹಗುರಾಗುತ್ತೆ, ಆಮೇಲೆ ಅದೇ ಮಾತು ಮತ್ತೆ ಬೇಕಾಗುತ್ತೆ. ಮೂರನೇ ಡಾಕ್ಟರು, ನಾಲ್ಕನೇ ಸ್ಕ್ಯಾನಿಂಗ್ ಕೂಡ ಅಷ್ಟೇ. ಆದ್ದರಿಂದ ಭಯಕ್ಕೆ ಮದ್ದು ಇನ್ನೊಂದು ರಿಪೋರ್ಟಿನಲ್ಲಿಲ್ಲ. ಹಾಗೆಂದು ಒಂದೇ ಸಲ ಎಲ್ಲ ನಿಲ್ಲಿಸೋಕೆ ಹೋದರೆ ಎರಡು ದಿನ ನಡೆದು ಮೂರನೇ ದಿನ ದುಪ್ಪಟ್ಟಾಗುತ್ತೆ. ಹಂತಹಂತವಾಗಿ ಇಳಿಸು.

ಮೊದಲ ವಾರ ಏನೂ ಬದಲಿಸಬೇಡ. ಎಷ್ಟು ಸಲ ಒತ್ತಿ ನೋಡಿದೆ, ಎಷ್ಟು ಸಲ ಗೂಗಲ್ ಮಾಡಿದೆ, ಎಷ್ಟು ಸಲ ಮನೆಯವರನ್ನು ಕೇಳಿದೆ ಅಂತ ಕ್ಯಾಲೆಂಡರಿನ ಮೇಲೆ ಗೀಟು ಹಾಕು. ಎರಡನೇ ವಾರದಿಂದ, ನೋಡಬೇಕು ಅನ್ನಿಸಿದಾಗ 15 ನಿಮಿಷ ಮುಂದಕ್ಕೆ ಹಾಕು, ಆಮೇಲಿನ ವಾರ ಅರ್ಧ ಗಂಟೆ. ಆ ಹೊತ್ತಿನಲ್ಲಿ ಭಯ ಏರಿ ತಾನೇ ಇಳಿಯುತ್ತೆ, ಅದನ್ನು ನೀನೇ ಕಾಣಬೇಕು, ನಾನು ಹೇಳಿ ಪ್ರಯೋಜನವಿಲ್ಲ. ಮೂಗಿನಿಂದ ನಾಲ್ಕು ಎಣಿಸಿ ಉಸಿರೆಳೆದು ಆರು ಎಣಿಸಿ ಬಿಡು, ಐದು ನಿಮಿಷ. ಹೊರಭಾಗವನ್ನು ಕನ್ನಡಿ ಹಿಡಿದು ನೋಡೋದು ತಿಂಗಳಿಗೊಮ್ಮೆ ಸಾಕು, ಸ್ನಾನ ಆದ ಮೇಲೆ, ಬೆಳಕಿರುವಾಗ.

ಚಿಂತೆಗೆ ಒಂದು ಹೊತ್ತು ಕೊಡು, ಸಂಜೆ 6ರಿಂದ 6:20. ಮಲಗುವ ಹೊತ್ತಿಗೆ ಹತ್ತಿರ ಬೇಡ. ನಡುರಾತ್ರಿ ಬಂದ ಯೋಚನೆಯನ್ನು ಒಂದು ಸಾಲು ಬರೆದಿಟ್ಟು ಸಂಜೆಗೆ ಬಿಡು. ಸಂಜೆ ಕೂತಾಗ ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ಇದಕ್ಕೆ ನಾನು ಇಂದು ಮಾಡಬೇಕಾದ ಕೆಲಸ ಏನಾದರೂ ಇದೆಯಾ? ಇದ್ದರೆ ಮಾಡು, ಅಪಾಯಿಂಟ್‌ಮೆಂಟ್ ತಗೋ. ಇಲ್ಲದಿದ್ದರೆ ಗೆರೆ ಎಳೆ. ನಿನ್ನ ಯಜಮಾನರಿಗೂ ಒಂದು ಉತ್ತರ ಕಲಿಸಿಡು: ‘ಇದನ್ನು 6 ಗಂಟೆಗೆ ನೋಡೋಣ.’ ಕಟುವಾಗಿ ಅಲ್ಲ, ಪಕ್ಕದಲ್ಲಿ ಕೂತೇ ಹೇಳಲಿ.

ಒಬ್ಬರೇ ಡಾಕ್ಟರನ್ನು ಇಟ್ಟುಕೋ. ಅವರ ಹತ್ತಿರ ಮೂರು ವಿಷಯ ಬರೆಸಿಕೊಂಡು ಬೀರುವಿನ ಬಾಗಿಲ ಒಳಗೆ ಅಂಟಿಸು: ನನಗಿರೋದು ಏನು, ಯಾವುದು ಕಂಡರೆ ಕೂಡಲೇ ಬರಬೇಕು, ಏನೂ ಕಾಣದಿದ್ದರೆ ಯಾವಾಗ ಬರಬೇಕು. ಹೊಸ ಲಕ್ಷಣ ಬಂದಾಗ ಗೂಗಲ್ ಬದಲು ಆ ಹಾಳೆ ನೋಡು.

‘ಗರ್ಭಕೋಶವನ್ನೇ ತೆಗೆಸಿಬಿಡಲಾ’ ಅಂತ ಕೇಳಿದೆಯಲ್ಲ. ಬೇಡ. ರೋಗವಿಲ್ಲದೆ, ಭಯಕ್ಕೆ ಅಂತ ಮಾಡುವ ಆಪರೇಶನ್ನಿಗೆ ಅರಿವಳಿಕೆ, ರಕ್ತಸ್ರಾವ, ಮೂತ್ರಕೋಶಕ್ಕೆ ಪೆಟ್ಟು ಬೀಳುವ ಅಪಾಯ ಎಲ್ಲ ಇದ್ದೇ ಇರುತ್ತೆ. ಒಣಗೋದು ಹಾಗೇ ಉಳಿಯುತ್ತೆ. ಭಯ ಕರುಳಿಗೋ ಸ್ತನಕ್ಕೋ ಜಾಗ ಬದಲಿಸುತ್ತೆ.

ಒಂದೂವರೆ ಎರಡು ತಿಂಗಳು ಹೀಗೆ ಮಾಡಿದರೂ ನಿದ್ದೆ, ಅಡುಗೆ, ಕೆಲಸ ಎಲ್ಲ ಭಯದ ಕೈಯಲ್ಲೇ ಇದ್ದರೆ ನಿಮ್ಹಾನ್ಸ್‌ಗೆ ಹೋಗೋಣ. ಹೊಸೂರು ರಸ್ತೆಯ ಆಸ್ಪತ್ರೆಯ ಹೆಸರು ಕೇಳಿದರೇ ಅಳುಕು ಅಂತಿದ್ದರೆ ಬಿಟಿಎಂ ಬಡಾವಣೆಯಲ್ಲಿ ಅವರದೇ ಸೆಂಟರ್ ಫಾರ್ ವೆಲ್‌ಬೀಯಿಂಗ್ ಇದೆ. ಮನೆಯಿಂದಲೇ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಉಚಿತ, ರಾತ್ರಿಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಯೋಚನೆಯ ರೂಢಿ ಬದಲಿಸುವ ಸಿಬಿಟಿ ಅನ್ನೋ ಚಿಕಿತ್ಸೆ ಈ ಭಯಕ್ಕೆ ಚೆನ್ನಾಗಿ ಕೆಲಸ ಮಾಡುತ್ತೆ. ಮಾತ್ರೆ ಬೇಕಾದರೆ ಎಸಿಟಾಲೋಪ್ರಾಮ್‌ನಂಥದ್ದು ಕೊಡಬಹುದು, ಗುಣ ಕಾಣೋಕೆ ಕೆಲವು ವಾರ ಬೇಕು, ಬಿಸಿಬಿಸಿ ಅನ್ನಿಸೋದನ್ನೂ ತಗ್ಗಿಸುತ್ತೆ. ಪಕ್ಕದ ಮನೆಯವರು ಕೊಟ್ಟ ಆತಂಕದ ಮಾತ್ರೆ ಆಲ್‌ಪ್ರಜೋಲಾಮ್ ಮಾತ್ರ ಮುಟ್ಟಬೇಡ, ಅದು ಅಭ್ಯಾಸವಾಗಿಬಿಡುತ್ತೆ.

ಇಂದು ರಾತ್ರಿ ಆ ಕ್ರೀಮು ಶುರು ಮಾಡು. ಮೂರು ತಿಂಗಳ ಚೆಕಪ್ಪಿಗೆ ನಾನೂ ಬರುತ್ತೇನೆ, ದಿನ ಗೊತ್ತಾದ ಕೂಡಲೇ ತಿಳಿಸು. ಹಳೇ ರಿಪೋರ್ಟುಗಳ ಫೈಲು, ಕ್ಯಾಲೆಂಡರಿನ ಗೀಟು ಎರಡನ್ನೂ ತಗೊಂಡು ಬಾ.

ಪ್ರೀತಿಯಿಂದ,
ನಿನ್ನ ಗೆಳತಿ